ಹೊಸ ವರ್ಷದ ಉಪವಾಸ ಪ್ರಾರ್ಥನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಪ್ರಶ್ನೆಗಳು ಶುರುವಾಗುತ್ತವೆ. ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರು ಕೇಳುತ್ತಾರೆ. ರಾತ್ರಿ ಹತ್ತಕ್ಕೆ ಇನ್ನೊಬ್ಬರ ವಾಟ್ಸಾಪ್ ಬರುತ್ತದೆ. ನಾನು ಪಾಸ್ಟರ್ ಅಲ್ಲ, ಒಂದು ಚಿಕ್ಕ ಕ್ರೈಸ್ತ ಸಭೆಯ (ಚರ್ಚಿನ) ಸಂಡೇ ಸ್ಕೂಲ್ ಟೀಚರ್. ಜನವರಿ ಉಪವಾಸ ಪ್ರಾರ್ಥನೆಯಲ್ಲಿ ಹೆಂಗಸರ ಗುಂಪನ್ನು ನೋಡಿಕೊಳ್ಳುವವಳು. ವರ್ಷ ವರ್ಷವೂ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ.

## ಮೊದಲ ಸಲ ಮಾಡುವವರಿಗೆ

ಕ್ರೈಸ್ತರಲ್ಲೂ ಉಪವಾಸ ಇದೆಯಾ? ಹಿಂದೂಗಳು, ಮುಸ್ಲಿಮರು ಮಾತ್ರ ಮಾಡ್ತಾರೆ ಅಂದುಕೊಂಡಿದ್ದೆ.

ಇದೆ. ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳು ನಮ್ಮ ಬೀದಿಯಲ್ಲೇ ಕಾಣುತ್ತವೆ. ನಮ್ಮದು ಅಷ್ಟಾಗಿ ಹೊರಗೆ ಕಾಣುವುದಿಲ್ಲ, ಅಷ್ಟೇ. ಮತ್ತಾಯ 6ನೇ ಅಧ್ಯಾಯ ತೆಗೆದು ನೋಡಿ. ಯೇಸು ಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಒಟ್ಟಿಗೆ ಹೇಳುತ್ತಾರೆ. ಮೂರಕ್ಕೂ "ಮಾಡುವಾಗ" ಎನ್ನುತ್ತಾರೆಯೇ ಹೊರತು "ಮಾಡಿದರೆ" ಎನ್ನುವುದಿಲ್ಲ. ಅಂತಿಯೋಕ್ಯದ ಸಭೆಯವರು ಬಾರ್ನಬ, ಸೌಲರನ್ನು ಸುವಾರ್ತೆಗೆ ಕಳಿಸಿದ್ದು ಉಪವಾಸ ಮಾಡಿ, ಪ್ರಾರ್ಥಿಸಿ, ಕೈಯಿಟ್ಟು (ಅಪೊಸ್ತಲರ ಕೃತ್ಯಗಳು 13). "ದಿದಖೆ" ಎಂಬ ಬಹಳ ಹಳೆಯ ಕ್ರೈಸ್ತ ಪುಸ್ತಕದಲ್ಲಿ ಬುಧವಾರ ಮತ್ತು ಶುಕ್ರವಾರ ಉಪವಾಸ ಮಾಡಿ ಎಂದಿದೆ.

ನಮ್ಮ ಹಿರಿಯರು "ಲಂಘನಂ ಪರಮೌಷಧಂ" ಎನ್ನುತ್ತಿದ್ದರು. ಅದು ಮೈಗೆ ಸಂಬಂಧಪಟ್ಟ ಮಾತು, ತಪ್ಪೇನಿಲ್ಲ. ಆದರೆ ಸಭೆಯಲ್ಲಿ "ಉಪವಾಸ ಪ್ರಾರ್ಥನೆ" ಅಂತ ಎರಡನ್ನೂ ಸೇರಿಸಿಯೇ ಹೇಳುತ್ತೇವೆ. ಪ್ರಾರ್ಥನೆ ಇಲ್ಲದಿದ್ದರೆ ಉಳಿಯುವುದು ಹಸಿವು ಮಾತ್ರ.

ಜನವರಿ 1 ಬೈಬಲಿನಲ್ಲೇ ಇಲ್ಲ, ಮತ್ತೆ ಹೊಸ ವರ್ಷಕ್ಕೇ ಯಾಕೆ ಉಪವಾಸ?

ನಿಜ, ಜನವರಿ 1 ಬೈಬಲಿನಲ್ಲಿ ಇಲ್ಲ. ಅದು ರೋಮನ್ನರ ಪಂಚಾಂಗದ ದಿನ. ಆದರೆ ವರ್ಷದ ಮೊದಲ ತಿಂಗಳಲ್ಲಿ, ಅಂದರೆ ಯೆಹೂದ್ಯರ ಪಂಚಾಂಗದ ಮೊದಲ ತಿಂಗಳಲ್ಲಿ, ಮಾಡಿದ ಉಪವಾಸಗಳು ಬೈಬಲಿನಲ್ಲಿ ಇವೆ. ಅವು ಸುಮ್ಮನೆ ಓದಿದರೆ ಕಣ್ಣಿಗೆ ಬೀಳುವುದಿಲ್ಲ.

ಎಜ್ರನ ಕಥೆ ನೋಡಿ. ಆತ ಬಾಬೆಲಿನಿಂದ ಹೊರಟದ್ದು ಮೊದಲನೆಯ ತಿಂಗಳ ಮೊದಲನೆಯ ದಿನ (ಎಜ್ರ 7:9). ಅಹವಾ ನದಿಯ ಹತ್ತಿರ ಜನರನ್ನೆಲ್ಲ ಕೂಡಿಸಿ ಉಪವಾಸ ಸಾರಿದ. ಆ ತಿಂಗಳ ಹನ್ನೆರಡನೆಯ ದಿನ ಅಲ್ಲಿಂದ ಯೆರೂಸಲೇಮಿನ ಕಡೆ ಪ್ರಯಾಣ ಹೊರಟರು (8:31). ಅಂದರೆ ವರ್ಷ ಹುಟ್ಟಿದ ಮೊದಲ ಹನ್ನೆರಡು ದಿನಗಳ ಒಳಗೇ ಆ ಉಪವಾಸ ನಡೆದಿದೆ. ಏನು ಬೇಡಿದರು? ತಮಗೆ, ಮಕ್ಕಳಿಗೆ, ಸಾಮಾನಿಗೆ ಸುರಕ್ಷಿತ ದಾರಿ ಕೊಡು ಅಂತ. ಎಜ್ರ ಒಂದು ಮಾತು ಮನಬಿಚ್ಚಿ ಹೇಳುತ್ತಾನೆ: ನಮ್ಮ ದೇವರು ಕಾಯುತ್ತಾನೆ ಅಂತ ರಾಜನ ಮುಂದೆ ಹೇಳಿಬಿಟ್ಟಿದ್ದೆ, ಆಮೇಲೆ ಕಾವಲಿಗೆ ಸೈನಿಕರನ್ನು ಕೇಳಲು ನಾಚಿಕೆಯಾಯಿತು. ಈ ಭಾಗ ನನಗೆ ತುಂಬಾ ಇಷ್ಟ. ಮಕ್ಕಳು, ಗಂಟುಮೂಟೆ, ಮುಂದೆ ಗೊತ್ತಿಲ್ಲದ ದಾರಿ. ಜನವರಿ ಮೊದಲ ವಾರದಲ್ಲಿ ನಾವೂ ಹಾಗೇ ನಿಂತಿರುತ್ತೇವೆ ಅಲ್ವಾ?

ದಾನಿಯೇಲ ಮೂರು ವಾರ ಮಾಡಿದ ಉಪವಾಸವೂ ಮೊದಲ ತಿಂಗಳಿನದೇ. ಆತನಿಗೆ ದರ್ಶನವಾದದ್ದು ಮೊದಲನೆಯ ತಿಂಗಳ ಇಪ್ಪತ್ನಾಲ್ಕನೆಯ ದಿನ (ದಾನಿಯೇಲ 10:4).

ಇನ್ನು ಜನವರಿ ವಿಷಯ. ರೋಮನ್ನರ ಕಾಲದಲ್ಲಿ ಜನವರಿ 1 ಅಂದರೆ ಕುಡಿತ, ಜೂಜು, ಉಡುಗೊರೆಗಳ ಹಬ್ಬ. ಆ ಕಾಲದ ಆಫ್ರಿಕದ ಬಿಷಪ್ ಆಗಸ್ಟೀನ್ ಅವರು ಒಂದು ಜನವರಿ 1ರ ಪ್ರಸಂಗದಲ್ಲಿ ಜನರಿಗೆ ಹೇಳಿದ್ದರ ಸಾರ ಇಷ್ಟು: ಅವರು ಉಡುಗೊರೆ ಹಂಚಲಿ, ನೀವು ಬಡವರಿಗೆ ದಾನ ಕೊಡಿ, ಅವರು ಕುಡಿಯಲಿ, ನೀವು ಉಪವಾಸ ಮಾಡಿ. 567ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಸೇರಿದ ಸಭಾಪರಿಷತ್ತು ಕೂಡ ಇದೇ ಕಾರಣಕ್ಕೆ ಜನವರಿಯ ಮೊದಲ ದಿನಗಳನ್ನು ಪ್ರಾರ್ಥನೆಯಲ್ಲಿ ಕಳೆಯಬೇಕೆಂದು ಗೊತ್ತುಮಾಡಿತು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ಪಂಜಾಬಿನ ಲೂಧಿಯಾನದಲ್ಲಿದ್ದ ಪ್ರೆಸ್ಬಿಟೇರಿಯನ್ ಮಿಷನರಿಗಳು 1858ರಲ್ಲಿ ಲೋಕದ ಎಲ್ಲ ಸಭೆಗಳಿಗೆ ಒಂದು ಕರೆ ಕಳಿಸಿದರು. 1860ರ ಜನವರಿಯ ಎರಡನೆಯ ವಾರವನ್ನು ಪ್ರಾರ್ಥನೆಗೆ ಮೀಸಲಿಡಿ ಎಂದು. ಅದನ್ನು ಇವಾಂಜೆಲಿಕಲ್ ಅಲಯನ್ಸ್ ಎಂಬ ಪ್ರೊಟೆಸ್ಟೆಂಟರ ಒಕ್ಕೂಟ ಕೈಗೆತ್ತಿಕೊಂಡಿತು, ಮುಂದೆ ವರ್ಷ ವರ್ಷವೂ ಜನವರಿಯ ಪ್ರಾರ್ಥನಾ ವಾರ ನಡೆಯಿತು. ಹೀಗಿರುವಾಗ ಇದು ಟಿವಿ ಪ್ರಸಂಗಿಗಳು ಮೊನ್ನೆ ಮೊನ್ನೆ ತಂದದ್ದು ಅನ್ನುವ ಮಾತು ಸರಿಯಲ್ಲ.

ಡಿಸೆಂಬರ್ 31ರ ರಾತ್ರಿ ಆರಾಧನೆ ಎಲ್ಲಿಂದ ಬಂತು?

ವಾಚ್ ನೈಟ್, ಅಂದರೆ ರಾತ್ರಿ ಎದ್ದಿದ್ದು ಮಾಡುವ ಈ ಆರಾಧನೆಯನ್ನು 18ನೇ ಶತಮಾನದಲ್ಲಿ ಮೊರೇವಿಯನ್ನರು ಮತ್ತು ಮೆಥಡಿಸ್ಟರು ಎಂಬ ಎರಡು ಪ್ರೊಟೆಸ್ಟೆಂಟ್ ಪಂಗಡದವರು ಬೆಳೆಸಿದರು. ಮೆಥಡಿಸ್ಟರ ಮುಖಂಡ ಜಾನ್ ವೆಸ್ಲಿ ತಮ್ಮ ದಿನಚರಿಯಲ್ಲಿ 1739ರ ಜನವರಿ 1ರ ರಾತ್ರಿಯ ಬಗ್ಗೆ ಬರೆದಿದ್ದಾರೆ. ಲಂಡನಿನ ಫೆಟರ್ ಲೇನಿನಲ್ಲಿ ಸುಮಾರು ಅರವತ್ತು ಜನ ಸೇರಿ ಪ್ರಾರ್ಥಿಸುತ್ತಿದ್ದರು. ಬೆಳಗಿನ ಜಾವ ಮೂರರ ಹೊತ್ತಿಗೆ ದೇವರ ಬಲ ಅವರ ಮೇಲೆ ಇಳಿಯಿತು. 1755ರಲ್ಲಿ ವೆಸ್ಲಿ ಒಡಂಬಡಿಕೆಯ ಆರಾಧನೆ ಶುರುಮಾಡಿದರು. "ಕರ್ತನೇ, ನಾನು ಇನ್ನು ನನ್ನವನಲ್ಲ, ನಿನ್ನವನು" ಎಂಬ ಅರ್ಥದ ಪ್ರಾರ್ಥನೆ ಅದರದ್ದು. ಅದು ಆಮೇಲೆ ಹೊಸ ವರ್ಷದ ವಾಡಿಕೆಯಾಯಿತು.

ಇನ್ನೊಂದು ರಾತ್ರಿಯನ್ನು ನೆನೆಯದೆ ಇರಲಾರೆ. 1862ರ ಡಿಸೆಂಬರ್ 31. ಅಮೆರಿಕದಲ್ಲಿ ಗುಲಾಮರಾಗಿದ್ದ ಕಪ್ಪು ಜನರು, ಅವರ ಬಂಧುಗಳು ಚರ್ಚುಗಳಲ್ಲಿ ಎದ್ದಿದ್ದು ಕಾದರು. ಮಾರನೆಯ ದಿನ ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬರಬೇಕಿತ್ತು. ಹನ್ನೆರಡು ಗಂಟೆ ಹೊಡೆಯುವುದನ್ನು ಅವರು ಹೇಗೆ ಕೇಳಿಸಿಕೊಂಡಿರಬೇಕು!

ನಾವು ಕ್ಯಾಥೊಲಿಕರು. ಜನವರಿ 1 ನಮಗೆ ಹಬ್ಬ. ಅವತ್ತು ಉಪವಾಸ ಮಾಡಬಹುದಾ?

ಅವತ್ತು ಬೇಡ. ಜನವರಿ 1 ದೇವಮಾತೆ ಮರಿಯಮ್ಮನವರ ಮಹೋತ್ಸವ. 1968ರಿಂದ ವಿಶ್ವ ಶಾಂತಿ ದಿನವೂ ಹೌದು, ಆರನೇ ಪೌಲ್ ಪೋಪರು ಶುರುಮಾಡಿದ್ದು. ಹಬ್ಬದ ದಿನ ಹಬ್ಬವನ್ನೇ ಮಾಡಿ. ಡಿಸೆಂಬರ್ 31 ಅಥವಾ ಜನವರಿ 2 ಉಪವಾಸಕ್ಕೆ ಒಳ್ಳೆಯ ದಿನ. ನಿಮ್ಮ ಸಭೆಯ ಕಾನೂನಿನಲ್ಲಿ ಕಡ್ಡಾಯ ಉಪವಾಸ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ. ಅದೂ 18ರಿಂದ 59 ವಯಸ್ಸಿನವರಿಗೆ. ಉಳಿದದ್ದೆಲ್ಲ ಪ್ರೀತಿಯಿಂದ ಮಾಡುವುದು.

ಬ್ರಹ್ಮಾವರದ ಕಡೆಯ ಸಿರಿಯನ್ ಆರ್ಥಡಾಕ್ಸ್ ಮನೆಗಳಲ್ಲಿ ಕೇಳಿದರೆ ಮೂರು ದಿನದ ನಿನೆವೆ ಉಪವಾಸದ ಬಗ್ಗೆ ಹೇಳುತ್ತಾರೆ. ಯೋನನ ಕಥೆಯ ನೆನಪಿಗೆ ಮಾಡುವುದು. ಅದು ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸಕ್ಕೆ ಮೂರು ವಾರ ಮೊದಲು ಬರುತ್ತದೆ. ಹಾಗಾಗಿ ಜನವರಿ ಇಲ್ಲವೇ ಫೆಬ್ರವರಿಯಲ್ಲಿ ಬೀಳುತ್ತದೆ.

ಎಷ್ಟು ದಿನ ಮಾಡಬೇಕು? ಮೂರಾ, ಏಳಾ, ಇಪ್ಪತ್ತೊಂದಾ?

ದೇವರು ಲೆಕ್ಕ ಇಟ್ಟಿಲ್ಲ. ಎಸ್ತೇರಳು ಮೂರು ದಿನ, ದಾನಿಯೇಲ ಮೂರು ವಾರ, ಯೇಸು ಸ್ವಾಮಿ ನಲವತ್ತು ದಿನ. ಸಮುವೇಲನ ಕಾಲದಲ್ಲಿ ಮಿಚ್ಪೆಯಲ್ಲಿ ಇಡೀ ಜನ ಒಂದೇ ದಿನ ಮಾಡಿದರು (1 ಸಮುವೇಲ 7:6).

ಮೊದಲ ಸಲ ಮಾಡುವವರಿಗೆ ನಾನು ಯಾವಾಗಲೂ ಒಂದೇ ಮಾತು ಹೇಳುತ್ತೇನೆ: ಒಂದು ದಿನ, ಒಪ್ಪತ್ತು. ಬೆಳಗ್ಗೆ, ಮಧ್ಯಾಹ್ನ ಬಿಟ್ಟು ಸಂಜೆ ಆರಕ್ಕೆ ಊಟ. ಅದು ಸರಿಹೋದರೆ ಮಾರನೆಯ ವಾರ ಇನ್ನೊಂದು ದಿನ. ಹಿಂದೆಂದೂ ಮಾಡದವರು ನೇರವಾಗಿ 21 ದಿನಕ್ಕೆ ಇಳಿದು ಐದನೇ ದಿನ ಸೋತು, "ನನಗೆ ನಂಬಿಕೆಯೇ ಇಲ್ಲ" ಅಂತ ಅಳುವುದನ್ನು ನೋಡಿದ್ದೇನೆ. ಕಡಿಮೆಯಾಗಿದ್ದದ್ದು ಅವರ ನಂಬಿಕೆ ಅಲ್ಲ, ಅಭ್ಯಾಸ.

## ಹೊಟ್ಟೆ, ಮಾತ್ರೆ, ಅಡುಗೆಮನೆ

ನೀರೂ ಕುಡಿಯಬಾರದಾ?

ಕುಡಿಯಿರಿ. ಎಸ್ತೇರಳು ಮೂರು ದಿನ ನೀರು ಕೂಡ ಕುಡಿಯದೆ ಇದ್ದದ್ದು ನಿಜ. ಇಡೀ ಜನಾಂಗ ಸಾಯುವ ಹೊತ್ತು ಅದು. ಅದೂ ಮೂರನೆಯ ದಿನವೇ ಆಕೆ ರಾಜನ ಮುಂದೆ ನಿಂತಿದ್ದಳು (ಎಸ್ತೇರಳು 5:1), ಅಂದರೆ ಪೂರ್ತಿ ಎಪ್ಪತ್ತೆರಡು ಗಂಟೆ ಆಗಿರಲಿಕ್ಕಿಲ್ಲ. ನಮ್ಮ ಹೊಸ ವರ್ಷದ ಪ್ರಾರ್ಥನೆಗೆ ಅದನ್ನು ಅಳತೆ ಮಾಡಿಕೊಳ್ಳುವುದು ಬೇಡ. ಬಾಯಾರಿಕೆ ತಡೆದರೆ ತಲೆಸುತ್ತು, ಮೂತ್ರದ ಉರಿ ಶುರುವಾಗುತ್ತದೆ.

"ದಾನಿಯೇಲನ ಉಪವಾಸ"ದಲ್ಲಿ ಏನು ತಿನ್ನಬಹುದು? ಮುದ್ದೆ, ಅನ್ನ ನಡೆಯುತ್ತಾ?

ದಾನಿಯೇಲನ ಪುಸ್ತಕದಲ್ಲಿ ಎರಡು ಕಡೆ ಬರುತ್ತದೆ. ಒಂದನೇ ಅಧ್ಯಾಯದಲ್ಲಿ ಹತ್ತು ದಿನ ಕಾಯಿಪಲ್ಯ ಮತ್ತು ನೀರು. ಹತ್ತನೇ ಅಧ್ಯಾಯದಲ್ಲಿ ಮೂರು ವಾರ ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟ, ಎಣ್ಣೆಯನ್ನೂ ಹಚ್ಚಿಕೊಳ್ಳಲಿಲ್ಲ. ಎರಡನ್ನೂ ಸೇರಿಸಿ ಈಗಿನವರು "21 ದಿನದ ದಾನಿಯೇಲನ ಉಪವಾಸ" ಎನ್ನುತ್ತಾರೆ.

ರಾಗಿ ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಹುರುಳಿ, ಹೆಸರುಕಾಳು, ಹಣ್ಣು ಎಲ್ಲ ನಡೆಯುತ್ತದೆ. ಇಂಟರ್ನೆಟ್ಟಿನ ಪಟ್ಟಿ ನೋಡಿ ಬಾದಾಮಿ ಹಾಲು, ಅವಕಾಡೊ ಅಂತ ಹುಡುಕಿಕೊಂಡು ದುಡ್ಡು ಸುರಿಯಬೇಡಿ. ದಾನಿಯೇಲ ಬಿಟ್ಟದ್ದು ಅರಮನೆಯ ಊಟವನ್ನು. ಅದರ ಜಾಗಕ್ಕೆ ಇನ್ನೊಂದು ದುಬಾರಿ ಊಟ ತಂದರೆ ಬಿಟ್ಟ ಹಾಗಾಗಲಿಲ್ಲ. ನಮ್ಮ ಮನೆಯಲ್ಲಿ ಆ ಮೂರು ವಾರ ಒಗ್ಗರಣೆಗೆ ಒಂದೇ ಚಮಚ ಎಣ್ಣೆ, ಸಂಡಿಗೆ ಹಪ್ಪಳ ಇಲ್ಲ, ಸಿಹಿ ಇಲ್ಲ, ಮೀನು ಕೋಳಿ ಇಲ್ಲ. ಅಷ್ಟೇ ನಿಯಮ.

ಒಂದು ಗುಟ್ಟು: ಅಡುಗೆ ಸರಳವಾದರೆ ಅಡುಗೆ ಮಾಡುವವಳಿಗೂ ಪ್ರಾರ್ಥನೆಗೆ ಸಮಯ ಸಿಗಬೇಕು. ಗಂಡಸರಿಗೆ ದಾನಿಯೇಲನ ಊಟ, ಮಕ್ಕಳಿಗೆ ಬೇರೆ ಊಟ, ಅತ್ತೆಗೆ ಇನ್ನೊಂದು ಅಂತ ಮೂರು ಅಡುಗೆ ಮಾಡಿ ಬೆನ್ನು ನೋಯಿಸಿಕೊಳ್ಳುವ ಅಕ್ಕಂದಿರು ನಮ್ಮ ಸಭೆಯಲ್ಲೇ ಇದ್ದಾರೆ. ಅಣ್ಣಂದಿರು ದಯವಿಟ್ಟು ಇದನ್ನು ಓದಿ.

ನನಗೆ ಶುಗರ್ ಇದೆ, ಬಿ.ಪಿ. ಮಾತ್ರೆಯೂ ಇದೆ. ನಂಬಿಕೆಯಿಂದ ಮಾಡಿದರೆ ಏನೂ ಆಗಲ್ಲ ಅಂತಾರೆ, ಹೌದಾ?

ಇದಕ್ಕೆ ಉತ್ತರ ಮೆತ್ತಗೆ ಹೇಳಲಾರೆ. ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ, ಮಾತ್ರೆಯಂತೂ ಬಿಡಲೇಬೇಡಿ. ಇನ್ಸುಲಿನ್ ಅಥವಾ ಕೆಲವು ಶುಗರ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಶುಗರ್ ಇದ್ದಕ್ಕಿದ್ದಂತೆ ಇಳಿಯುತ್ತದೆ. ಬೆವರು, ಕೈ ನಡುಕ, ಎದೆ ಡವಡವ, ತಲೆ ಮಂಕಾಗುವುದು ಅದರ ಗುರುತು. ಅಳೆದಾಗ 70ಕ್ಕಿಂತ ಕಡಿಮೆ ಬಂದರೆ ಉಪವಾಸ ಅಲ್ಲಿಗೇ ಮುಗಿಯಿತು. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಪ್ರಜ್ಞೆ ತಪ್ಪಿದವರ, ನುಂಗಲಾಗದವರ ಬಾಯಿಗೆ ಏನೂ ಸುರಿಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಬಂಧುಗಳೊಬ್ಬರು ಒಂದು ಪ್ರಾರ್ಥನಾ ಕೂಟದ ಮಾತು ನಂಬಿ ಜನವರಿಯಲ್ಲಿ ಮಾತ್ರೆ ನಿಲ್ಲಿಸಿದರು. ನಾಲ್ಕನೇ ದಿನ ಐಸಿಯು ಸೇರಿದರು. ಉಳಿದರು, ದೇವರಿಗೆ ಸ್ತೋತ್ರ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಬಂದ ಕೋಪ ಇನ್ನೂ ಪೂರ್ತಿ ಇಳಿದಿಲ್ಲ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಕಿಡ್ನಿ ತೊಂದರೆ ಇರುವವರು, ಊಟದ ವಿಷಯದಲ್ಲೇ ಮನಸ್ಸು ಹಿಂಸೆಪಟ್ಟು ಚಿಕಿತ್ಸೆ ಪಡೆದವರು ಊಟ ಬಿಡುವುದು ಬೇಡ. ಮೊಬೈಲ್, ಸೀರಿಯಲ್, ಸಿಹಿ, ಆನ್‌ಲೈನ್ ಶಾಪಿಂಗ್ ಹೀಗೆ ಏನಾದರೂ ಬಿಟ್ಟು ಅದೇ ಹೊತ್ತಿಗೆ ಪ್ರಾರ್ಥಿಸಿ. ಇದು ಎರಡನೇ ದರ್ಜೆಯ ಉಪವಾಸ ಅಲ್ಲ.

ಟೀ ಬಿಟ್ಟರೆ ತಲೆ ಸಿಡಿಯುತ್ತೆ. ಇದು ಸೈತಾನನ ಅಡ್ಡಿನಾ?

ಕೆಫೀನಿನ ಅಡ್ಡಿ. ದಿನಾ ಕುಡಿಯುವವರು ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದು ವಾರದವರೆಗೂ ಇರಬಹುದು. ಕ್ರಿಸ್ಮಸ್ ಮುಗಿದ ಮಾರನೆ ದಿನದಿಂದಲೇ ಲೋಟ ಚಿಕ್ಕದು ಮಾಡುತ್ತಾ ಬನ್ನಿ.

ಗಾರ್ಮೆಂಟ್ಸ್ ಕೆಲಸ, ಬೆಳಗ್ಗೆ ಎಂಟಕ್ಕೇ ಹೋಗಬೇಕು. ಹೇಗೆ ಮಾಡಲಿ?

ಕೆಲಸದ ದಿನ ಮೆಷಿನ್ ಮುಂದೆ ತಲೆಸುತ್ತಿ ಬೀಳುವುದು ಬೇಡ. ವಾರದ ರಜೆಯಲ್ಲಿ ಮಾಡಿ. ಇಲ್ಲದಿದ್ದರೆ ರಾತ್ರಿ ಊಟ ಒಂದನ್ನು ಬಿಟ್ಟು ಆ ಅರ್ಧ ಗಂಟೆ ಪ್ರಾರ್ಥಿಸಿ. ಡ್ರೈವರ್‌ಗಳಿಗೂ, ಎತ್ತರದಲ್ಲಿ ಕೆಲಸ ಮಾಡುವವರಿಗೂ ಇದೇ ಮಾತು.

ಉಪವಾಸ ಬಿಡುವಾಗ ಏನು ತಿನ್ನಬೇಕು?

ಒಪ್ಪತ್ತಾದರೆ ಮಾಮೂಲಿ ಊಟ, ಸ್ವಲ್ಪ ಕಡಿಮೆ. ಎರಡು ಮೂರು ದಿನವಾದರೆ ಮೊದಲು ಗಂಜಿ, ಸ್ವಲ್ಪ ಉಪ್ಪು, ಬೆಂದ ತರಕಾರಿ. ಮಾರನೆಯ ದಿನ ಮೊಸರನ್ನ. ಐದು ದಿನಕ್ಕಿಂತ ಜಾಸ್ತಿ ಏನೂ ತಿನ್ನದೆ ಇದ್ದವರು ಒಮ್ಮೆಲೇ ಹೊಟ್ಟೆ ತುಂಬಾ ಉಂಡರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೇ ಅಪಾಯ. ಅಷ್ಟು ದೊಡ್ಡ ಉಪವಾಸವನ್ನು ಡಾಕ್ಟರ್ ಗಮನದಲ್ಲಿಟ್ಟುಕೊಂಡೇ ಶುರುಮಾಡಬೇಕು, ಹಾಗೆಯೇ ಬಿಡಬೇಕು.

ಮಧ್ಯದಲ್ಲಿ ಸಂಕ್ರಾಂತಿ ಬರುತ್ತೆ. ಪಕ್ಕದ ಮನೆಯವರು ಎಳ್ಳು ಬೆಲ್ಲ ತಂದರೆ ಏನು ಮಾಡಲಿ?

ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ನಗುತ್ತಾ ಮಾತಾಡಿಸಿ. ದೇವರಿಗೆ ಒಪ್ಪಿಸಿದ್ದು ಅಂತ ಮನಸ್ಸಾಕ್ಷಿ ಕಾಡಿದರೆ ಪೌಲ 1 ಕೊರಿಂಥ 10ರಲ್ಲಿ ಹೇಳಿದ್ದನ್ನು ಓದಿ ನೀವೇ ತೀರ್ಮಾನಿಸಿ. ಕ್ರೈಸ್ತ ಮನೆಗಳಲ್ಲಿ ಈ ವಿಷಯಕ್ಕೆ ಬೇರೆ ಬೇರೆ ನಿಲುವು ಇದೆ. ಆದರೆ "ನಾನು ಉಪವಾಸ" ಅಂತ ಬಾಗಿಲಲ್ಲೇ ವಾಪಸ್ ಕಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಐದನೇ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳ ಬಗ್ಗೆ ಬರೆದರು. ಅವರು ಮಹಾ ಉಪವಾಸಿಗಳು. ಆದರೂ ಅತಿಥಿ ಬಂದರೆ ಉಪವಾಸ ಬಿಟ್ಟು ಜೊತೆಗೆ ಕೂತು ಉಣ್ಣುತ್ತಿದ್ದರು. ಯಾಕೆ ಅಂತ ಕೇಳಿದರೆ, ಉಪವಾಸ ಯಾವಾಗಲೂ ನನ್ನ ಜೊತೆ ಇರುತ್ತದೆ, ನೀವು ಹೊರಟು ಹೋಗುತ್ತೀರಿ ಎಂಬ ಉತ್ತರ. ನಮ್ಮ ಪಕ್ಕದ ಮನೆಯ ಅಜ್ಜಿ ಪ್ರತಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ತರುತ್ತಾರೆ, ಕ್ರಿಸ್ಮಸ್ಸಿಗೆ ನಮ್ಮ ಕಲ್ಕಲ್ ತೆಗೆದುಕೊಂಡು ಹೋಗುತ್ತಾರೆ. ಅವರ ಮುಂದೆ ಒಂದು ತುಂಡು ಅಚ್ಚು ಬಾಯಿಗೆ ಹಾಕಿಕೊಂಡೇ ನಾನು ಮಾತಾಡುವುದು.

## ಪ್ರಾರ್ಥನೆಯ ವಿಷಯ

ಹತ್ತು ನಿಮಿಷಕ್ಕೇ ಮಾತು ಮುಗಿದುಹೋಗುತ್ತೆ. ಉಳಿದ ಹೊತ್ತು ಏನು ಪ್ರಾರ್ಥಿಸಲಿ?

ಎಲ್ಲರಿಗೂ ಹಾಗೇ ಆಗುತ್ತದೆ. ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ. ನಾನು ಮಾಡುವುದು ಹೀಗೆ. ಹಳೆಯ ವರ್ಷದ ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಚಾಪೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಆಸ್ಪತ್ರೆಯ ದಿನ, ಯಾರದೋ ಮದುವೆ ಎಲ್ಲ ಬರೆದಿರುತ್ತದೆ. ಜನವರಿಯಿಂದ ಒಂದೊಂದೇ ಹಾಳೆ ತಿರುವುತ್ತಾ ಸ್ತೋತ್ರ ಹೇಳುವುದು, ತಪ್ಪಿದ ಕಡೆ ಕ್ಷಮೆ ಕೇಳುವುದು. ಸಾಲ ಕೇಳಿ ಬಂದವರ ಮೇಲೆ ಹರಿಹಾಯ್ದ ದಿನ ಕಣ್ಣಿಗೆ ಬೀಳುತ್ತದೆ. ಡಿಸೆಂಬರ್ ತಲುಪುವಷ್ಟರಲ್ಲಿ ಒಂದು ಗಂಟೆ ಆಗಿರುತ್ತದೆ.

ಆಮೇಲೆ ಹೊಸ ಕ್ಯಾಲೆಂಡರ್. ಎಜ್ರನ ಹಾಗೆ ಮಕ್ಕಳು, ದಾರಿ, ಸಾಮಾನು. ಮಗಳ ಎಸ್ಸೆಸ್ಸೆಲ್ಸಿ, ಮಗನ ಕೆಲಸ, ಮನೆ ಸಾಲ. ದೇವರ ಮುಂದೆ ಇವು ಸಣ್ಣ ವಿಷಯ ಅಂತ ನಾಚಬೇಡಿ. ಆಮೇಲೆ ಬೀದಿಯವರ ಹೆಸರುಗಳು. ಮಾತು ನಿಂತರೆ ಕೀರ್ತನೆಗಳು 90, 103 ಅಥವಾ 121ನ್ನು ಗಟ್ಟಿಯಾಗಿ ಓದಿ. ಸುಮ್ನೆ ಕೂತರೂ ನಡೆಯುತ್ತದೆ.

ಉಪವಾಸ ಗುಟ್ಟಾಗಿರಬೇಕು ಅಂತಾರೆ. ಮನೆಯವರಿಗೂ ಹೇಳಬಾರದಾ?

ಯೇಸು ಸ್ವಾಮಿ ಬೇಡ ಎಂದದ್ದು ಜನರಿಗೆ ತೋರಿಸಿಕೊಳ್ಳುವುದನ್ನು. ಮುಖ ತೊಳೆದುಕೊಂಡು, ತಲೆ ಬಾಚಿಕೊಂಡು ಮಾಮೂಲಿನಂತೆ ಇರಿ ಎಂದರು. ಅನ್ನ ಬಡಿಸಿಟ್ಟು ಕಾಯುವ ಅಮ್ಮನಿಗೆ ಹೇಳದೆ ಇರುವುದು ಗುಟ್ಟಲ್ಲ, ಅವರಿಗೆ ಕೊಡುವ ತೊಂದರೆ. ಸ್ಟೇಟಸ್ಸಿನಲ್ಲಿ "ಇಂದು ಉಪವಾಸದ 9ನೇ ದಿನ" ಅಂತ ಹಾಕುವುದು ಬೇರೆ ಮಾತು. ಅದನ್ನು ಬಿಡಿ.

ಮನೆಯಲ್ಲಿ ಒಬ್ಬರೇ ಕ್ರೈಸ್ತರಾಗಿರುವವರು ಜಾಸ್ತಿ ಕೇಳುತ್ತಾರೆ. ಅತ್ತೆಯ ಮುಂದೆ ದೊಡ್ಡ ಘೋಷಣೆ ಬೇಡ. "ಇವತ್ತು ಒಪ್ಪತ್ತು ಇದ್ದೀನಿ ಅತ್ತೆ" ಎಂದರೆ ಸಾಕು. ಅವರೂ ಸೋಮವಾರವೋ ಶನಿವಾರವೋ ಒಪ್ಪತ್ತು ಮಾಡುವವರೇ ಆಗಿರಬಹುದು. ಬೇಗ ಅರ್ಥವಾಗುತ್ತದೆ.

ಹೊಸ ವರ್ಷದ ವಾಗ್ದಾನ ವಚನ ಚೀಟಿ ಎತ್ತಿದೆ. ನನಗೆ ಬಂದದ್ದು ಎಚ್ಚರಿಕೆಯ ವಚನ. ಭಯ ಆಗ್ತಿದೆ.

ಭಯ ಬೇಡಮ್ಮ. ವಾಗ್ದಾನದ ಕಾರ್ಡು ವರ್ಷಪೂರ್ತಿ ಒಂದು ವಚನವನ್ನು ನೆನಪಿಟ್ಟುಕೊಳ್ಳಲು ಒಳ್ಳೆಯದು. ನನ್ನ ಸತ್ಯವೇದದಲ್ಲಿ ಹಳೆಯ ಕಾರ್ಡುಗಳು ಇನ್ನೂ ಇವೆ. ಆದರೆ ಅದು ಗಿಣಿಶಾಸ್ತ್ರ ಅಲ್ಲ. ವಚನ ಬಂದ ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಓದಿ. ಯಾರಿಗೆ, ಯಾವಾಗ, ಯಾಕೆ ಹೇಳಿದ್ದು ಅಂತ ನೋಡಿ. ಎಚ್ಚರಿಕೆಯೂ ಪ್ರೀತಿಯಿಂದಲೇ ಹೇಳಿದ್ದು ಅಂತ ಕಾಣುತ್ತದೆ.

ಆರನೇ ದಿನ ಮದುವೆ ಮನೆಯಲ್ಲಿ ಮರೆತು ತಿಂದುಬಿಟ್ಟೆ. ಮತ್ತೆ ಮೊದಲಿಂದ ಶುರು ಮಾಡಬೇಕಾ?

ಬೇಡ. ಏಳನೇ ದಿನದಿಂದ ಮುಂದುವರಿಸಿ.

## ಸ್ವಲ್ಪ ಆಳದ ಪ್ರಶ್ನೆಗಳು

ಕೆಲವು ಬೈಬಲಿನಲ್ಲಿ "ಪ್ರಾರ್ಥನೆ ಮತ್ತು ಉಪವಾಸದಿಂದಲೇ" ಅಂತಿದೆ, ಕೆಲವದರಲ್ಲಿ ಬರೀ "ಪ್ರಾರ್ಥನೆಯಿಂದಲೇ". ಯಾವುದು ಸರಿ?

ಮಾರ್ಕ 9:29ರ ವಿಷಯ ಇದು. ಸಿನಾಯ್ ಮತ್ತು ವ್ಯಾಟಿಕನ್ ಎಂದು ಕರೆಯುವ ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಮೂಲತಃ "ಪ್ರಾರ್ಥನೆ" ಅಂತ ಮಾತ್ರ ಇದೆ. ಆಮೇಲಿನ ಹೆಚ್ಚಿನ ಪ್ರತಿಗಳಲ್ಲಿ "ಉಪವಾಸ" ಸೇರಿದೆ. ಮತ್ತಾಯ 17:21 ಕೂಡ ಆ ಎರಡು ಪ್ರತಿಗಳಲ್ಲಿ ಇಲ್ಲ. ಅದಕ್ಕೇ ಈಗಿನ ಅನುವಾದಗಳು ಅದನ್ನು ಕಂಸದಲ್ಲಿ ಅಥವಾ ಅಡಿಟಿಪ್ಪಣಿಯಲ್ಲಿ ಹಾಕುತ್ತವೆ. ಉಪವಾಸವನ್ನು ತುಂಬಾ ಪ್ರೀತಿಸಿದ ನಕಲುಗಾರರು ಸೇರಿಸಿರಬೇಕು ಎನ್ನುವುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಆದ್ದರಿಂದ ಈ ಒಂದು ವಚನ ಹಿಡಿದು "ಉಪವಾಸ ಮಾಡದಿದ್ದರೆ ಬಿಡುಗಡೆ ಇಲ್ಲ" ಅಂತ ಯಾರನ್ನೂ ಹೆದರಿಸಬಾರದು. ಉಪವಾಸಕ್ಕೆ ಮತ್ತಾಯ 6, ಅಪೊಸ್ತಲರ ಕೃತ್ಯಗಳು 13 ಮತ್ತು 14 ಗಟ್ಟಿ ಆಧಾರವಾಗಿ ಇದ್ದೇ ಇವೆ.

ಕಳೆದ ಜನವರಿ 21 ದಿನ ಉಪವಾಸ ಮಾಡಿದೆ. ಆದರೂ ಅಪ್ಪ ಉಳಿಯಲಿಲ್ಲ. ನನ್ನ ಉಪವಾಸದಲ್ಲಿ ಏನು ತಪ್ಪಿತ್ತು?

ಏನೂ ತಪ್ಪಿರಲಿಲ್ಲ. ಈ ಪ್ರಶ್ನೆ ಕೇಳಿದವರ ಕೈ ಹಿಡಿದು ಕೂತಿದ್ದೇನೆ. ಆಗ ಜಾಸ್ತಿ ಮಾತಾಡಲು ಆಗಲಿಲ್ಲ.

ದಾವೀದ ತನ್ನ ಮಗುವಿಗಾಗಿ ಏಳು ದಿನ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ. ಏಳನೇ ದಿನ ಮಗು ಸತ್ತಿತು (2 ಸಮುವೇಲ 12). ಅವನು ಎದ್ದು ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವಾಲಯಕ್ಕೆ ಹೋಗಿ ಅಡ್ಡಬಿದ್ದ. ಆಮೇಲೆ ಊಟ ಮಾಡಿದ. ಪೌಲ ತನ್ನ ಶರೀರದ ಮುಳ್ಳು ಹೋಗಲಿ ಅಂತ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ಉಪವಾಸ ದೇವರ ಕೈ ತಿರುಚುವ ಪಟ್ಟು ಅಲ್ಲ. ಹಾಗೆ ಕಲಿಸಿದವರು ನಿಮಗೆ ಅನ್ಯಾಯ ಮಾಡಿದ್ದಾರೆ. ನೀವು ಅಪ್ಪನ ಹಾಸಿಗೆಯ ಪಕ್ಕ ಹಸಿದು ಕೂತ ಆ ದಿನಗಳು ಪ್ರೀತಿಯ ದಿನಗಳು. ಆ ಪ್ರೀತಿಯನ್ನು ದೇವರು ನೋಡಿದ್ದಾನೆ. ಈ ಜನವರಿಯಲ್ಲಿ ಉಪವಾಸ ಮಾಡಲು ಮನಸ್ಸಿಲ್ಲದಿದ್ದರೆ ಮಾಡಬೇಡಿ. ಬಂದು ನಮ್ಮ ಜೊತೆ ಕೂತುಕೊಳ್ಳಿ, ನಿಮ್ಮ ಬದಲು ನಾವು ಪ್ರಾರ್ಥಿಸುತ್ತೇವೆ.

ಒಂದು ಕಡೆ ಉಪವಾಸದ ಜೊತೆ ಇಷ್ಟು ಕಾಣಿಕೆ ಕಟ್ಟಿದರೆ ವರ್ಷಪೂರ್ತಿ ಆಶೀರ್ವಾದ ಅಂತಾರೆ. ಕಟ್ಟಲಾ?

ಕಟ್ಟಬೇಡಿ. ಆಶೀರ್ವಾದಕ್ಕೆ ದರಪಟ್ಟಿ ಇಲ್ಲ.

ಹಾಗಾದರೆ ಉಳಿದ ಊಟದ ದುಡ್ಡನ್ನು ಏನು ಮಾಡೋದು?

ಇದನ್ನು ಕೇಳುವವರು ಕಡಿಮೆ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ಯೆಶಾಯ 58 ಓದಿ. ನಾವು ಉಪವಾಸ ಮಾಡಿದೆವು, ನೀನು ಯಾಕೆ ನೋಡಲಿಲ್ಲ ಅಂತ ಜನ ದೇವರನ್ನು ಕೇಳುತ್ತಾರೆ. ದೇವರು ತಿರುಗಿ ಹೇಳುತ್ತಾನೆ: ಉಪವಾಸದ ದಿನವೇ ಆಳುಗಳಿಂದ ದುಡಿಸಿಕೊಳ್ಳುತ್ತೀರಿ, ಜಗಳವಾಡುತ್ತೀರಿ. ನನಗೆ ಬೇಕಾದ ಉಪವಾಸ ಅಂದರೆ ಹಸಿದವನಿಗೆ ನಿನ್ನ ರೊಟ್ಟಿ ಹಂಚುವುದು, ನೆಲೆಯಿಲ್ಲದವನನ್ನು ಮನೆಗೆ ಕರೆಯುವುದು. ಎರಡನೇ ಶತಮಾನದಲ್ಲಿ ಅಥೇನೆಯ ಅರಿಸ್ತಿದೆಸ್ ಆಗಿನ ಕ್ರೈಸ್ತರ ಬಗ್ಗೆ ಬರೆದದ್ದೂ ಇದೇ ದಾರಿಯದು. ಅವರಲ್ಲಿ ಒಬ್ಬ ಬಡವನಿದ್ದು, ಕೊಡಲು ಹೆಚ್ಚಿನ ಆಹಾರ ಇಲ್ಲದಿದ್ದರೆ, ಎರಡು ಮೂರು ದಿನ ತಾವೇ ಉಪವಾಸ ಇದ್ದು ಅವನಿಗೆ ಕೊಡುತ್ತಿದ್ದರು.

ಮಿಜೋರಾಮಿನ ಹೆಂಗಸರು 1910ರಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಪ್ರತಿ ಸಲ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಇಡುವುದು. ಆ ಹಿಡಿ ಅಕ್ಕಿಯೇ ಕೂಡಿ ಅಲ್ಲಿನ ಸಭೆಯ ಸೇವೆಗೆ ದೊಡ್ಡ ಆಧಾರವಾಯಿತು. ಅದನ್ನು ಕೇಳಿದ ಮೇಲೆ ನಮ್ಮ ಹೆಂಗಸರ ಗುಂಪಿನಲ್ಲೂ ಶುರುಮಾಡಿದೆವು. ಬಿಟ್ಟ ಪ್ರತಿ ಊಟಕ್ಕೆ ಒಂದು ಪಾವು ಅಕ್ಕಿ ಡಬ್ಬಕ್ಕೆ. ಜನವರಿ ಕೊನೆಗೆ ಅಕ್ಕಿ, ಬೇಳೆ, ಎಣ್ಣೆ ಕಟ್ಟಿ ಕೊಡುತ್ತೇವೆ. ತೆಗೆದುಕೊಳ್ಳುವವರು ಯಾವ ಜಾತಿ, ಯಾವ ಧರ್ಮ ಅಂತ ಕೇಳುವುದಿಲ್ಲ, ಪ್ರಸಂಗವನ್ನೂ ಮಾಡುವುದಿಲ್ಲ. ಫೋಟೋ ತೆಗೆಯುವುದಿಲ್ಲ.

ಮನೆಗೆಲಸಕ್ಕೆ ಬರುವವರಿಗೆ ಸಂಬಳ ಬಾಕಿ ಇದ್ದರೆ ಉಪವಾಸದ ಮೊದಲ ದಿನವೇ ಕೊಟ್ಟುಬಿಡಿ. ತಮ್ಮನ ಜೊತೆ ಮಾತು ಬಿಟ್ಟಿದ್ದರೆ ಫೋನ್ ಮಾಡಿ. ಇವು ಎರಡೂ ಊಟ ಬಿಡುವುದಕ್ಕಿಂತ ಕಷ್ಟ. ನನಗೆ ಗೊತ್ತು.

21 ದಿನ ಮುಗಿಯಿತು. ಮಾರನೆ ದಿನದಿಂದ ಏನು?

ವಾರಕ್ಕೆ ಒಂದು ಒಪ್ಪತ್ತು ಇಟ್ಟುಕೊಳ್ಳಿ. ವೆಸ್ಲಿ ಮತ್ತು ಅವರ ಸಂಗಡಿಗರು ಬುಧವಾರ, ಶುಕ್ರವಾರ ಮಧ್ಯಾಹ್ನ ಮೂರರವರೆಗೆ ಉಪವಾಸ ಇರುತ್ತಿದ್ದರು. ನಮ್ಮ ಗುಂಪಿನಲ್ಲಿ ಶುಕ್ರವಾರ ಒಂದೇ ದಿನ. ಬೆಳಗಿನ ತಿಂಡಿ ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲಿದ್ದೇವೋ ಅಲ್ಲೇ ಐದು ನಿಮಿಷ ಪ್ರಾರ್ಥಿಸುತ್ತೇವೆ. ಒಬ್ಬರು ಬಸ್ಸಿನಲ್ಲಿ, ಒಬ್ಬರು ಅಂಗಡಿಯಲ್ಲಿ, ನಾನು ಸ್ಟಾಫ್ ರೂಮಿನಲ್ಲಿ. ಅಕ್ಕಿ ಡಬ್ಬವನ್ನು ಅಟ್ಟಕ್ಕೆ ಏರಿಸಬೇಡಿ, ಒಲೆಯ ಪಕ್ಕದಲ್ಲೇ ಇರಲಿ. ಫೆಬ್ರವರಿಯ ನಾಲ್ಕು ಶುಕ್ರವಾರಗಳಿಗೆ ಈಗಲೇ ಹೊಸ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.